ಹೂವು, ರವಿಕೆ ಮತ್ತು ಈಡೇರದ ಬಯಕೆ: ಕನ್ನಡ ಸಣ್ಣಕತೆಗಳ ಒಂದು ಸಂಕೇತ

ಮುತ್ತೈದೆತನದ ಲಕ್ಷಣಗಳೆಂದು ಪರಂಪರೆ ಎಣಿಸಿದ ಅರಿಸಿನ, ಕುಂಕುಮ, ಹೂವು, ಬಳೆ, ತಾಳಿಗಳಲ್ಲಿ ಹೂವಿನ ಸ್ಥಾನ ವಿಶಿಷ್ಟವಾದುದು. ತಾಳಿ, ಬಳೆಗಳು ತೊಟ್ಟ ಮೇಲೆ ಉಳಿಯುತ್ತವೆ. ಹೂವು ಸಂಜೆಗೆ ಬಾಡಿ ಮರುದಿನ ಮತ್ತೆ ಬೇಕಾಗುತ್ತದೆ. ದಿನದಿನವೂ ಹುಟ್ಟುವ ಬಯಕೆಗೆ ಅದು ಸಹಜ ಸಂಕೇತ. ಆದರೆ ಬಾಲ್ಯದಿಂದ ಮುಡಿದ ಹೂವನ್ನೂ ವೈಧವ್ಯ ಕಸಿದುಕೊಳ್ಳುತ್ತಿತ್ತು.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಈ ವೈರುಧ್ಯ ಕಣ್ಣಿಗೆ ಕಾಣುವಂತಿದೆ. ಬಳೆಪೇಟೆ ಬಳೆಯ ವ್ಯಾಪಾರದಿಂದ ಹೆಸರು ಪಡೆದದ್ದು; ಹೂವಿನ ವ್ಯಾಪಾರದ ಕೃಷ್ಣರಾಜೇಂದ್ರ ಮಾರುಕಟ್ಟೆ ಅದರ ಸಮೀಪದ್ದು. ಚೈತ್ರ ಪೌರ್ಣಮಿಯ ರಾತ್ರಿ ಪೇಟೆಯ ಬೀದಿಗಳಲ್ಲಿ ಹೂವಿನ ಕರಗವನ್ನು ಹೊರುವ ಪುರುಷನು ಸ್ತ್ರೀವೇಷದಲ್ಲಿ, ಬಳೆ ಮಲ್ಲಿಗೆಗಳೊಡನೆ, ದ್ರೌಪದಿಯ ಶಕ್ತಿಯನ್ನು ಹೊತ್ತವನೆಂದು ಪೂಜೆಗೊಳ್ಳುತ್ತಾನೆ. ಅದೇ ಬೀದಿಯ ಮನೆಯೊಳಗಿನ ವಿಧವೆಗೆ ಅವೆರಡೂ ನಿಷಿದ್ಧವಾಗಿದ್ದವು.

ಬಯಕೆಗೆ ಹೂವಿನ ದಾರಿ ಮುಚ್ಚಿದಾಗ ಕತೆಗಾರರು ಬೇರೊಂದು ವಸ್ತುವನ್ನು ಹುಡುಕಿದ್ದಾರೆ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ನಿಗೆ ಅದು ಮಖಮಲ್ಲಿನ ರವಿಕೆ. ಬೆಂಗಳೂರಿಗೆ ಮೊಸರು ತಂದು ಮಾರುವ ಆಕೆ, ಮಗ ಸೊಸೆಯರಿಂದ ಬೇರೆಯಾದ ಮೇಲೆ, ಅದನ್ನು ಸ್ವಂತ ದುಡಿಮೆಯ ಹಣದಿಂದ ಹೊಲಿಸಿಕೊಳ್ಳುತ್ತಾಳೆ. ಊರು ಆಡಿಕೊಳ್ಳುತ್ತದೆ, ರಂಗಪ್ಪನ ಕಣ್ಣು ಬೀಳುತ್ತದೆ. ಕೊನೆಗೆ ಮೊಮ್ಮಗನ ಅಕ್ಕರೆ ಆಕೆಯನ್ನು ಸಂಸಾರಕ್ಕೆ ಮರಳಿಸುತ್ತದೆ. ಕತೆಯ ಸಮಾಧಾನ ಕುಟುಂಬಕ್ಕೆ ಸಲ್ಲುತ್ತದೆಯೇ ಹೊರತು ರವಿಕೆಯ ಹಿಂದಿನ ಆಸೆಗಲ್ಲ. ಮಾಸ್ತಿಯವರು ಆ ಆಸೆಯನ್ನು ಖಂಡಿಸುವುದಿಲ್ಲ. ಅದಕ್ಕೆ ನೆಲೆಯನ್ನೂ ಒದಗಿಸುವುದಿಲ್ಲ.

ವೈದೇಹಿಯವರ ‘ಅಮ್ಮಚ್ಚಿಯೆಂಬ ನೆನಪು’ ಕತೆಯಲ್ಲಿ ಬೆನ್ನಿನ ಕಡೆ ಗುಂಡಿಯಿರುವ ರವಿಕೆಯ ಆಸೆಗೆ ವೆಂಕಪ್ಪಯ್ಯನ ಅಧಿಕಾರ ಅಡ್ಡ ನಿಲ್ಲುತ್ತದೆ. ಇಲ್ಲಿ ಸಮಾಧಾನದ ತೆರೆ ಇಲ್ಲ. ತಡೆದವರು ಯಾರೆಂಬುದನ್ನು ಕತೆ ಮರೆಮಾಡುವುದಿಲ್ಲ. ಅವರದೇ ‘ಸೌಗಂಧಿಯ ಸ್ವಗತಗಳು’ ಉದ್ಯೋಗಸ್ಥೆ ಅವಿವಾಹಿತೆಯ ಒಳಮಾತು. ಮಹಾಭಾರತದ ದ್ರೌಪದಿ ಸೌಗಂಧಿಕ ಪುಷ್ಪವನ್ನು ಬಯಸಿದಾಗ ಅದನ್ನು ತರಲು ಭೀಮನು ಹೊರಡುತ್ತಾನೆ. ಹೂವನ್ನು ಹೆಸರಿನಲ್ಲಿಯೇ ಹೊತ್ತ ಸೌಗಂಧಿಗೆ ಬಯಕೆಯನ್ನು ಕೇಳಿಸಿಕೊಳ್ಳುವವರೇ ಇಲ್ಲ; ಆದುದರಿಂದಲೇ ಅದು ಸ್ವಗತ.

ಹೀಗೆ ನೋಡಿದಾಗ ಈ ಕತೆಗಳ ಹೂವು, ರವಿಕೆಗಳು ಕೇವಲ ಅಲಂಕಾರಗಳಲ್ಲ. ತನ್ನ ದೇಹದ ಮೇಲೆ ತನಗಿರುವ ಹಕ್ಕನ್ನು ನೇರವಾಗಿ ಕೇಳಲಾಗದ ಹೆಣ್ಣು ಅದನ್ನು ಒಂದು ಮೊಳ ಹೂವಿನ, ಒಂದು ರವಿಕೆಯ ಮಾತಾಗಿಸಿ ಕೇಳುತ್ತಾಳೆ. ಬೇಡಿಕೆ ಅಷ್ಟು ಚಿಕ್ಕದಾಗಿ ಕಾಣುವುದರಿಂದಲೇ ಅದರ ನಿರಾಕರಣೆಯ ಕ್ರೌರ್ಯ ದೊಡ್ಡದಾಗಿ ತೋರುತ್ತದೆ.