ಮಿತವ್ಯವಸ್ಥೆಯ ಗಣಕದಲ್ಲಿ ಪೂರ್ವನಿಶ್ಚಿತ ಆಯ್ಕೆ : ಒಂದು ವಿಮರ್ಶೆ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಸಮೀಪವಾದ ಊರು. ಮನೆಮಾತು ತೆಲುಗಾಗಿದ್ದು ಓದುಬರಹ ಕನ್ನಡದಲ್ಲಿ ನಡೆಯುವ ಸಂಸಾರಗಳು ಈ ಕಡೆ ಬಹಳ. ಯಾವ ಮಾತು ಯಾವಾಗ ಎಂಬುದನ್ನು ಇಲ್ಲಿ ಯಾರೂ ಬರೆದಿಟ್ಟಿಲ್ಲ. ಎದುರಿಗಿರುವವರ ಮುಖ ನೋಡಿದೊಡನೆ ಅದು ನಿರ್ಣಯವಾಗುತ್ತದೆ. ಗಣಕಯಂತ್ರಕ್ಕೆ ಈ ಚಾತುರ್ಯವಿಲ್ಲ. ಅದಕ್ಕೆ ಮೊದಲೇ ಬರೆದಿಡಬೇಕು. ಬರೆಯುವ ಅಧಿಕಾರ ಯಾರದು, ಬರೆಯದಿದ್ದಾಗ ಯಾರ ಮಾತು ನಡೆಯುತ್ತದೆ ಎಂಬುದೇ ಪ್ರಸ್ತುತ ವಿಚಾರ.

ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಅದರ ಪಿ.ಡಿ.ಎಫ್. ಪ್ರತಿಯನ್ನು ಓದಲೆಂದು ನಾವು ಒಂದು ಹಳೆಯ ಯಂತ್ರದಲ್ಲಿ, ಕಿಟಕಿಗಳನ್ನು ನಿರ್ವಹಿಸುವ ಒಂದು ಸಣ್ಣ ಪ್ರೋಗ್ರಾಮಿನ ಹೊರತು ಬೇರೆ ಅಲಂಕಾರವಿಲ್ಲದ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಿದೆವು. ಕಡತವನ್ನು ತೆರೆಯೆಂದರೆ ಅದು ಚಿತ್ರ ತಿದ್ದುವ ಪ್ರೋಗ್ರಾಮಿನಲ್ಲಿ ತೆರೆದುಕೊಂಡಿತು. ಕಾರಣ ಸರಳ. ಆ ಪ್ರೋಗ್ರಾಮು ತನ್ನ ಪರಿಚಯಪತ್ರದಲ್ಲಿ ಪಿ.ಡಿ.ಎಫ್. ಕಡತವನ್ನೂ ತೆರೆಯಬಲ್ಲೆನೆಂದು ಹೇಳಿಕೊಂಡಿತ್ತು. ನಮ್ಮ ಅಭಿಮತ ಎಲ್ಲಿಯೂ ದಾಖಲಾಗಿರಲಿಲ್ಲ. ಸಾಮರ್ಥ್ಯದ ಘೋಷಣೆಯನ್ನೇ ಅರ್ಹತೆಯೆಂದು ಯಂತ್ರ ಸ್ವೀಕರಿಸಿತು.

ಈ ಗೊಂದಲಕ್ಕೆ ಇತಿಹಾಸವಿದೆ. ಯುನಿಕ್ಸ್ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದಾಗ ಬಳಕೆದಾರರ ಮುಂದಿದ್ದದ್ದು ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್. ಒಂದೊಂದೇ ಸಾಲನ್ನು ತಿದ್ದುವ ಸಾಧನವನ್ನು ಸೂಚಿಸಲು ಮುಂದೆ ‘ಎಡಿಟರ್’ ಎಂಬ ಚಲಕ ಬಳಕೆಗೆ ಬಂದಿತು. ತೆರೆಯ ತುಂಬ ಪಠ್ಯವನ್ನು ತೋರಿಸುವ ಸಾಧನ ಬಂದ ಮೇಲೆ ‘ವಿಷುಯಲ್’ ಎಂಬ ಇನ್ನೊಂದು ಸೇರಿತು. ಟೆಲಿಟೈಪ್ ಹೋದರೂ ಎರಡು ಹೆಸರುಗಳೂ ಉಳಿದಿವೆ. 1993ರಲ್ಲಿ ಅಂಚೆಯ ಲಗತ್ತುಗಳಿಗಾಗಿ ‘ಮೇಲ್‌ಕ್ಯಾಪ್’ ಎಂಬ ಪಟ್ಟಿಯ ರೂಪ ನಿರ್ದಿಷ್ಟವಾಯಿತು. 2000ದ ಬಳಿಕ ಫ್ರೀಡೆಸ್ಕ್‌ಟಾಪ್ ಕೂಟದವರ ‘ಮೈಮ್‌ಆ್ಯಪ್ಸ್’ ಪಟ್ಟಿ ಬಂದಿತು. ಹೊಸದು ಬಂದಾಗ ಹಳೆಯದನ್ನು ಯಾರೂ ರದ್ದುಮಾಡಲಿಲ್ಲ. ‘ಎಕ್ಸ್‌ಡಿಜಿ-ಓಪನ್’ ಎಂಬ ಆಜ್ಞೆಯು ದೊಡ್ಡ ಡೆಸ್ಕ್‌ಟಾಪಿದ್ದರೆ ಕೆಲಸವನ್ನು ಅದಕ್ಕೊಪ್ಪಿಸಿ ಸುಮ್ಮನಾಗುತ್ತದೆ. ಇಲ್ಲವಾದರೆ ಈ ಪಟ್ಟಿಗಳನ್ನು ತಾನೇ ತಡಕಾಡಬೇಕು. ಮಿತವ್ಯವಸ್ಥೆಯನ್ನು ಆರಿಸಿಕೊಂಡವನಿಗೆ ಹೀಗೆ ಪದರಗಳ ಭಾರವೆಲ್ಲ ನೇರವಾಗಿ ತಗಲುತ್ತದೆ.

ಮೈಮ್‌ಆ್ಯಪ್ಸ್ ಪಟ್ಟಿಯಲ್ಲಿ ಮೆಚ್ಚತಕ್ಕ ಅಂಶಗಳಿಲ್ಲದೆ ಇಲ್ಲ. ಅದು ಯಾರಾದರೂ ಓದಬಹುದಾದ ಸರಳ ಪಠ್ಯ. ಬಳಕೆದಾರನ ಸ್ವಂತ ಪಟ್ಟಿಗೆ ಇಡೀ ಯಂತ್ರದ ಪಟ್ಟಿಗಿಂತ ಮನ್ನಣೆ ಹೆಚ್ಚು. ಒಂದು ಸಾಲು ಬರೆದು ನಾವು ನಮ್ಮ ತೊಂದರೆಯನ್ನು ಕಳೆದುಕೊಂಡೆವು. ಆದರೆ ಆ ಸಾಲು ಇಲ್ಲದಾಗ ಹಲವು ಅಭ್ಯರ್ಥಿಗಳಲ್ಲಿ ಯಾರನ್ನು ಆರಿಸಬೇಕೆಂಬುದಕ್ಕೆ ಬಳಕೆದಾರನಿಗೆ ತಿಳಿಯುವಂತಹ ನ್ಯಾಯವಿಲ್ಲ. ಡೆಬಿಯನ್ ವ್ಯವಸ್ಥೆಯ ‘ಆಲ್ಟರ್ನೇಟಿವ್ಸ್’ ಏರ್ಪಾಟು ಈ ದೃಷ್ಟಿಯಿಂದ ಉತ್ತಮ. ಅಲ್ಲಿ ಪ್ರತಿ ಅಭ್ಯರ್ಥಿಗೂ ಒಂದು ಅಂಕವಿದೆ. ಆಡಳಿತಗಾರನು ತಾನೇ ಒಮ್ಮೆ ಆರಿಸಿದನೆಂದರೆ, ಹೆಚ್ಚು ಅಂಕದ ಹೊಸಬನು ಬಂದರೂ ಆಯ್ಕೆ ಕದಲುವುದಿಲ್ಲ. ಕೊರತೆಯೆಂದರೆ ಅದು ಯಂತ್ರಕ್ಕೆಲ್ಲ ಒಂದೇ. ಒಂದೇ ಗಣಕವನ್ನು ಇಪ್ಪತ್ತು ವಿದ್ಯಾರ್ಥಿಗಳು ಬಳಸುವ ಕಾಲೇಜಿಗೆ ಅದು ಸಾಲದು.

ಭಾಷೆಯ ವಿಷಯಕ್ಕೆ ಬಂದರೆ ಸಂಗತಿ ಇನ್ನೂ ಗಂಭೀರವಾಗುತ್ತದೆ. ‘ಲ್ಯಾಂಗ್ವೇಜ್’ ಎಂಬ ಚಲಕದಲ್ಲಿ ಮೊದಲು ಕನ್ನಡ, ಅದಿಲ್ಲವಾದರೆ ತೆಲುಗು, ಆಮೇಲೆ ಇಂಗ್ಲಿಷ್ ಎಂದು ಅನುಕ್ರಮವಾಗಿ ಬರೆಯಬಹುದು. ರಾಯಲ್ಪಾಡಿನ ಮನೆಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆಯನ್ನು ನಾವು ಕಾಣೆವು. ಆದರೆ ಯಂತ್ರದ ಮೂಲ ಪ್ರಾಂತ್ಯನಿರ್ದೇಶನವು ‘ಸಿ’ ಎಂದಿರುವವರೆಗೆ ಆ ಅನುಕ್ರಮವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕನಿಷ್ಠ ಸ್ಥಾಪನೆಗಳಲ್ಲಿ ಬಹುಮಟ್ಟಿಗೆ ದೊರೆಯುವುದು ಅದೇ ‘ಸಿ’. ದೋಷಸೂಚನೆಯೂ ಬಾರದು.

ಇದಕ್ಕಿಂತ ದೊಡ್ಡ ನ್ಯೂನತೆ ಕಡತದ ಜಾತಿನಿರ್ಣಯದಲ್ಲಿದೆ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಬಹುಕಾಲ ನಮ್ಮವರು ಬರೆದದ್ದು ಹಳೆಯ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳನ್ನು ನಂಬಿ. ಅಲ್ಲಿ ಲ್ಯಾಟಿನ್ ಸಂಕೇತಗಳೇ ಕನ್ನಡದ ವೇಷ ತೊಟ್ಟಿರುತ್ತವೆ. ಪಠ್ಯವನ್ನಷ್ಟೇ ಉಳಿಸಿದರೆ ಹಳೆಯದು ಹೊಸದು ಎರಡೂ ಯಂತ್ರದ ಕಣ್ಣಿಗೆ ‘ಸಾದಾ ಪಠ್ಯ’. ಯಾವ ಪಟ್ಟಿಯಲ್ಲಿ ಏನು ಬರೆದರೂ ಇವನ್ನು ಬೇರೆಬೇರೆ ಪ್ರೋಗ್ರಾಮುಗಳಿಗೆ ಕಳುಹಿಸಲಾಗದು. ವಿದ್ಯಾರ್ಥಿಗಳು ಹಿಂದೆ ಊರೂರು ತಿರುಗಿ ಬರೆದುಕೊಂಡು ಬಂದ ವೀರಗಲ್ಲುಗಳ ಟಿಪ್ಪಣಿಗಳು ನಮ್ಮಲ್ಲಿ ಹೀಗೆಯೇ ಇವೆ. ಅವುಗಳನ್ನು ಒಂದು ಪ್ರತ್ಯೇಕ ಕೋಶಕ್ಕೆ ಸರಿಸಿ, ಕಡತದ ಹೆಸರಿನಲ್ಲಿಯೇ ‘ನುಡಿ’ ಎಂದು ಸೇರಿಸಿ, ಒಂದೊಂದಾಗಿ ಪರಿವರ್ತಿಸುತ್ತಿದ್ದೇವೆ. ಒತ್ತಕ್ಷರ ಬಂದಲ್ಲೆಲ್ಲ ಕೈಯಿಂದ ತಾಳೆನೋಡಬೇಕಾಗಿದೆ.