ಕಾಲ ಅಲ್ಲಿ ನಿಂತಿಲ್ಲ

ಇಟಲಿಗೆ ಹೋಗಿಬಂದವರ ಪ್ರವಾಸ ಕಥನದಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ಮುಗಿದ ಮೇಲೆ ಗುಡ್ಡದ ಮೇಲಿನ ಒಂದು ಪುಟ್ಟ ಊರು ಬಂದೇ ಬರುತ್ತದೆ. ಸುತ್ತ ಕೋಟೆಗೋಡೆ, ಒಳಗೆ ಕಲ್ಲು ಹಾಸಿದ ಓಣಿ, ತುದಿಯಲ್ಲೊಂದು ಬುರುಜು. ಅದರ ಬಗ್ಗೆ ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: ಇಲ್ಲಿ ಕಾಲ ನಿಂತುಬಿಟ್ಟಿದೆ, ಏಳೆಂಟು ನೂರು ವರ್ಷಗಳಿಂದ ಏನೂ ಬದಲಾಗಿಲ್ಲ. ಈ ಮಾತು ಸುಳ್ಳು. ಅಷ್ಟೇ ಅಲ್ಲ, ಆ ಊರುಗಳಲ್ಲಿ ಬಾಳುವವರಿಗೆ ಕೆಡುಕು ಮಾಡುವ ಮಾತು.

ಟಸ್ಕನಿಯ ಸಾನ್ ಜಿಮಿನ್ಯಾನೊವನ್ನೇ ನೋಡಿ. ರೋಮಿಗೆ ಹೋಗುವ ಯಾತ್ರಿಕರ ದಾರಿಯಲ್ಲಿದ್ದ ಈ ಊರು ಕೇಸರಿ ವ್ಯಾಪಾರದಿಂದ ಹಣ ಕಂಡಿತ್ತು. ಅರ್ದಿಂಗೆಲ್ಲಿ, ಸಾಲ್ವುಚ್ಚಿ ಮೊದಲಾದ ಮನೆತನಗಳು ಒಬ್ಬರನ್ನೊಬ್ಬರು ಮೀರಿಸಲು ಕಲ್ಲಿನ ಗೋಪುರಗಳನ್ನು ಎಬ್ಬಿಸುತ್ತ ಹೋದವು. ಒಂದು ಕಾಲಕ್ಕೆ 72 ಗೋಪುರಗಳಿದ್ದವೆಂದು ಊರಿನವರ ಹೇಳಿಕೆ. ಈಗ ಉಳಿದಿರುವುದು 14. ಅವು ಉಳಿದದ್ದಾದರೂ ಹೇಗೆ? 1348ರ ಮಹಾಮಾರಿ ಪ್ಲೇಗು ಊರನ್ನು ಬರಿದು ಮಾಡಿತು. 1353ರಲ್ಲಿ ಊರು ಫ್ಲಾರೆನ್ಸಿನ ಆಳ್ವಿಕೆಗೆ ತಲೆಬಾಗಿತು. ವ್ಯಾಪಾರ ಕೈಬಿಟ್ಟಿತು, ಹೊಸದಾಗಿ ಕಟ್ಟಲು ಹಣವಿರಲಿಲ್ಲ. ಫ್ಲಾರೆನ್ಸ್ ನಗರದಲ್ಲೂ ಇಂಥ ಗೋಪುರಗಳು ಬೇಕಾದಷ್ಟಿದ್ದವು. ಬೆಳೆಯುವ ನಗರ ಅವನ್ನು ತಗ್ಗಿಸಿತು, ಕೆಡವಿತು, ಅವುಗಳ ಜಾಗದಲ್ಲಿ ಬೇರೆ ಕಟ್ಟಿತು. ನಾವು ಇಂದು ಕತ್ತೆತ್ತಿ ನೋಡಿ ಬೆರಗಾಗುವುದು ಸೋತ ಊರೊಂದರ ಬಡತನವನ್ನು. ಇದನ್ನು ತಿಳಿದು ನೋಡಿದರೆ ಆ ಗೋಪುರಗಳ ಅಂದ ಕಡಿಮೆಯಾಗುವುದಿಲ್ಲ, ಇನ್ನಷ್ಟು ತೂಕ ಬರುತ್ತದೆ.

ಬಡತನ ಕಥೆಯ ಅರ್ಧ ಮಾತ್ರ. ಉಳಿದರ್ಧ ಇಪ್ಪತ್ತನೆಯ ಶತಮಾನದ್ದು. ಮುಸೊಲಿನಿಯ ಕಾಲದಲ್ಲಿ ಇಂಥ ಊರುಗಳನ್ನು ಬೇಕೆಂದೇ ಹೆಚ್ಚು ಮಧ್ಯಯುಗದ್ದಾಗಿ ಕಾಣಿಸುವ ಕೆಲಸ ನಡೆಯಿತು. ನಂತರದ ಶತಮಾನಗಳ ಗಾರೆಯನ್ನು ಕೆತ್ತಿ ಕಲ್ಲು ತೋರಿಸಿದರು, ಕಿಟಕಿಗಳ ಆಕಾರ ಬದಲಿಸಿದರು. ಅರೆತ್ಸೊ ಪಟ್ಟಣದ ದೊಡ್ಡ ಚೌಕ ಇಂದಿನ ರೂಪ ಪಡೆದದ್ದು ಬಹುಮಟ್ಟಿಗೆ ಆಗಲೇ. ಅಲ್ಲಿ ನಡೆಯುವ ಕುದುರೆ ಸವಾರರ ಭರ್ಜಿ ಪಂದ್ಯವನ್ನು ಮತ್ತೆ ಶುರುಮಾಡಿದ್ದು 1931ರಲ್ಲಿ. ಮರೋಸ್ತಿಕಾ ಪಟ್ಟಣದಲ್ಲಿ ಮನುಷ್ಯರೇ ಕಾಯಿಗಳಾಗಿ ನಿಂತು ಆಡುವ ಚದುರಂಗಕ್ಕೆ 1454ರ ಪ್ರೇಮಕಥೆಯೊಂದನ್ನು ಹೇಳುತ್ತಾರೆ. ಒಬ್ಬಳೇ ಹುಡುಗಿಗಾಗಿ ಇಬ್ಬರು ಸರದಾರರು ಕತ್ತಿ ಬಿಟ್ಟು ಚದುರಂಗ ಆಡಿದರಂತೆ. ಆ ಕಥೆಯನ್ನು ರಂಗಕ್ಕೆ ಬರೆದದ್ದು ಮಿರ್ಕೊ ವುಚೆತಿಚ್, 1954ರಲ್ಲಿ.

ಗ್ರಾದಾರಾ ಕೋಟೆಯೊಳಗೆ ಫ್ರಾಂಚೆಸ್ಕಾಳ ಕೋಣೆ ಎಂದು ಒಂದನ್ನು ತೋರಿಸುತ್ತಾರೆ. ದಾಂತೆಯ ಮಹಾಕಾವ್ಯದ ನರಕಖಂಡದಲ್ಲಿ ಬರುವ ಪ್ರೇಮಿಗಳು ಪಾವೊಲೊ ಮತ್ತು ಫ್ರಾಂಚೆಸ್ಕಾ. ಫ್ರಾಂಚೆಸ್ಕಾಳ ಗಂಡನ ಕೈಯಲ್ಲಿ ಅವರಿಬ್ಬರೂ ಸತ್ತದ್ದು ಇದೇ ಕೋಣೆಯಲ್ಲಿ ಎನ್ನುತ್ತಾರೆ. ಅಲ್ಲೊಂದು ಮಂಚ, ಓದುಪೀಠದ ಮೇಲೆ ತೆರೆದಿಟ್ಟ ಪುಸ್ತಕ, ನೆಲದಲ್ಲಿ ಪಾವೊಲೊ ತಪ್ಪಿಸಿಕೊಳ್ಳಲು ಹೊರಟಿದ್ದನೆನ್ನುವ ಕಳ್ಳಬಾಗಿಲು. ನೋಡುವವರ ಕಣ್ಣು ತುಂಬಿಬರುತ್ತದೆ. ಆದರೆ ಕೊಲೆ ನಡೆದದ್ದು ಗ್ರಾದಾರಾದಲ್ಲಿ ಎನ್ನಲು ಆಧಾರವಿಲ್ಲ. ದಾಂತೆಯೂ ಜಾಗದ ಹೆಸರು ಹೇಳಿಲ್ಲ. ಹಾಳುಬಿದ್ದಿದ್ದ ಈ ಕೋಟೆಯನ್ನು 1920ರ ದಶಕದಲ್ಲಿ ಕೊಂಡು ಎತ್ತಿ ನಿಲ್ಲಿಸಿದ್ದು ಉಂಬೆರ್ತೊ ತ್ಸಾನ್ವೆತ್ತೊರಿ ಎಂಬ ಎಂಜಿನಿಯರ್. ಕೋಣೆಯ ಸಜ್ಜಿಕೆಯೂ ಆತನದೇ. ಅದಕ್ಕೆ ಪ್ರೇರಣೆ ಕೊಟ್ಟದ್ದು ಇದೇ ಪ್ರೇಮಿಗಳ ಬಗ್ಗೆ ಕವಿ ದ'ಅನ್ನುನ್ತ್ಸಿಯೊ 1901ರಲ್ಲಿ ರಂಗಕ್ಕೆ ತಂದ ನಾಟಕ.

ಹಾಗಾದರೆ ದುರಸ್ತಿಯೇ ತಪ್ಪೇ ಎಂದು ಕೇಳಬಹುದು. ಖಂಡಿತ ಅಲ್ಲ. ತ್ಸಾನ್ವೆತ್ತೊರಿ ಕೈಹಾಕದಿದ್ದರೆ ಗ್ರಾದಾರಾ ಇಂದು ಕಲ್ಲಿನ ರಾಶಿಯಾಗಿರುತ್ತಿತ್ತೋ ಏನೋ. ಕೋಟೆಯೊಂದನ್ನು ಉಳಿಸಿದವನ ಹೆಸರು ಹೇಳದೆ, ಅವನ ಶ್ರಮವನ್ನೆಲ್ಲ ಹದಿಮೂರನೆಯ ಶತಮಾನದ ಖಾತೆಗೆ ಬರೆಯುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಪಿಯಾಚೆನ್ತ್ಸಾ ಬಳಿಯ ಗ್ರಾತ್ಸಾನೊ ವಿಸ್ಕೊಂತಿಯಲ್ಲಿ ಕೋಟೆ ಹಳೆಯದು, ಅದರ ಪಕ್ಕದ ಹಳ್ಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಕಟ್ಟಿಸಿದಾತ ಚಿತ್ರನಿರ್ದೇಶಕ ಲುಕಿನೊ ವಿಸ್ಕೊಂತಿಯ ತಂದೆ. ನನಗೆ ಆ ಹಳ್ಳಿಯ ಮೇಲೆ ಗೌರವವಿದೆ, ತನ್ನ ವಯಸ್ಸನ್ನು ಅದು ಮುಚ್ಚಿಡುವುದಿಲ್ಲ.

ಕಾಲ ನಿಂತಿದೆ ಎನ್ನುವ ನಂಬಿಕೆಯ ಬೆಲೆ ಎಷ್ಟೆಂದು ತಿಳಿಯಲು ಚಿವಿತಾ ದಿ ಬಾನ್ಯೊರೇಜೊಗೆ ಬರಬೇಕು. ಮೆದು ಜೇಡಿಮಣ್ಣಿನ ಮೇಲೆ ಜ್ವಾಲಾಮುಖಿ ಶಿಲೆಯ ಪದರ, ಅದರ ಮೇಲೆ ಊರು. ಮಳೆನೀರು ಕೆಳಗಿನ ಮಣ್ಣನ್ನು ಕೊರೆಯುತ್ತಲೇ ಇದೆ, ಅಂಚಿನ ಮನೆಗಳು ಕುಸಿಯುತ್ತಲೇ ಬಂದಿವೆ. 1695ರ ಭೂಕಂಪದ ಬಳಿಕ ಜನ ಊರು ಬಿಡತೊಡಗಿದರು. ಈಗ ಅಲ್ಲಿಗೆ ದಾರಿಯೆಂದರೆ 1965ರ ಕಾಂಕ್ರೀಟ್ ಕಾಲುಸೇತುವೆ ಒಂದೇ. ಅದನ್ನು ದಾಟಲು 2013ರಿಂದ ಟಿಕೆಟ್ ಇದೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ವರ್ಷವಿಡೀ ಅಲ್ಲೇ ಇರುವವರು ಬೆರಳೆಣಿಕೆಯಷ್ಟು. ಪ್ರತಿ ಮಳೆಗಾಲಕ್ಕೂ ಬದಲಾಗುವ ಈ ಊರನ್ನೇ ಬದಲಾಗದ ಊರೆಂದು ಕೊಂಡಾಡುತ್ತೇವೆ.

ಟಿಕೆಟ್ ಹಣದಿಂದ ಊರಿಗೆ ಆಸರೆಯಾಗಿದೆ, ನಿಜ. ಆದರೆ ಬದಲಾಗಬಾರದು ಎಂಬ ಬೇಡಿಕೆಯೊಂದಿಗೆ ಬರುವ ಪ್ರವಾಸಿಗೆ ಬೇಕಾದದ್ದು ಹೂಕುಂಡ, ಹಳೆಯ ಬಾಗಿಲು, ವೈನ್ ಅಂಗಡಿ. ಅಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಬೇಕಾದದ್ದು ಶಾಲೆ, ಬಸ್ಸು, ಡಾಕ್ಟರು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹಣ ಸಿಗುತ್ತದೋ ಊರು ಅತ್ತ ವಾಲುತ್ತದೆ, ಮನೆಗಳು ಒಂದೊಂದಾಗಿ ಬಾಡಿಗೆ ಕೋಣೆಗಳಾಗುತ್ತವೆ. ಊರುಗಳ ಸುತ್ತಲಿನ ಹೊಲಗಳದ್ದೂ ಇದೇ ಕಥೆ. ಒಡೆಯನಿಗೆ ಅರ್ಧ ಬೆಳೆ ಕೊಟ್ಟು ದುಡಿಯುವ ಪಾಲುಗಾರಿಕೆಗೆ ಹೊಸ ಕರಾರು ಕೂಡದೆಂದು 1964ರಲ್ಲಿ ಕಾನೂನು ಬರುವಷ್ಟರಲ್ಲಿ ರೈತರು ಕಾರ್ಖಾನೆಗಳ ಕಡೆಗೆ ಹೊರಟಾಗಿತ್ತು. ಅವರು ಬಿಟ್ಟುಹೋದ ಎಷ್ಟೋ ಕಲ್ಲಿನ ಮನೆಗಳು ಇಂದು ಈಜುಕೊಳವಿರುವ ವಿಲ್ಲಾಗಳು. ಆ ಮನೆಗಳ ಶಾಂತಿಯನ್ನು ಹೊಗಳುವ ಬರಹಗಳು ಬೇಕಾದಷ್ಟಿವೆ; ಅಲ್ಲಿಂದ ಎದ್ದುಹೋದವರ ಮಾತು ಅವುಗಳಲ್ಲಿ ಸಿಗುವುದು ಅಪರೂಪ.

ಈ ಊರುಗಳಿಗೆ ಹೋಗಬೇಡಿ ಎನ್ನುತ್ತಿಲ್ಲ. ಹೋಗಿ, ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ, ಅಲ್ಲಿಯವರು ದಿನಸಿ ಕೊಳ್ಳುವ ಅಂಗಡಿಯಲ್ಲೇ ನೀವೂ ಕೊಳ್ಳಿ. ಕೋಟೆ ಕಟ್ಟಿಸಿದವರ ಹೆಸರು ಕೇಳಿದ ಮೇಲೆ ಗೈಡನ್ನು ಇನ್ನೆರಡು ಪ್ರಶ್ನೆ ಕೇಳಿ: ಇದನ್ನು ಕಡೆಯ ಸಲ ದುರಸ್ತಿ ಮಾಡಿದವರು ಯಾರು? ಈ ಊರಿನ ಮಕ್ಕಳು ಈಗ ಎಲ್ಲಿ ಓದುತ್ತಾರೆ? ಬಂದಮೇಲೆ ಬರೆಯುವುದಾದರೆ ಆ ಉತ್ತರಗಳನ್ನೂ ಬರೆಯಿರಿ.