ಮಾರ್ಕ್ ಟ್ವೇನನ ಎರಡು ಹಡಗುಗಳು

ಪ್ರವಾಸ ಕಥನಗಳನ್ನು ಓದುವ ಅಭ್ಯಾಸವುಳ್ಳವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಡಗು ಹತ್ತಿದ ಲೇಖಕನು ಬಹುಮಟ್ಟಿಗೆ ಒಂದೇ ಪುಟದೊಳಗೆ ಆಚೆಯ ದಡವನ್ನು ಮುಟ್ಟಿಬಿಡುತ್ತಾನೆ. ನಡುವಿನ ದಿನಗಳಿಗೆಲ್ಲ ಸೇರಿ ಒಂದು ಸೂರ್ಯೋದಯ, ಒಂದು ಸೂರ್ಯಾಸ್ತ, ಅಲ್ಲೊಂದು ಹಾರುವ ಮೀನು, ಸ್ವಲ್ಪ ವಾಂತಿ; ಅಲ್ಲಿಗೆ ಕಡಲಿನ ಋಣ ತೀರಿದಂತಾಯಿತು. ಕವಿಯ ಮಾತು ಬೇರೆ. 1936ರಲ್ಲಿ ಇಂಗ್ಲೆಂಡಿಗೆ ಹೋದ ವಿ. ಕೃ. ಗೋಕಾಕರು ನಮಗೆ ‘ಸಮುದ್ರ ಗೀತೆಗಳು’ ಎಂಬ ಸಂಕಲನವನ್ನು ಕೊಟ್ಟರು. ಕವಿಗೆ ಕಡಲೊಂದಿದ್ದರೆ ಸಾಕು. ಗದ್ಯ ಬರೆಯುವವನಿಗೆ ಊರು ಬೇಕು, ಬೀದಿ ಬೇಕು, ಜನ ಬೇಕು. ಹಡಗಿನಲ್ಲಿ ಊರೂ ಇಲ್ಲ, ಬೀದಿಯೂ ಇಲ್ಲ. ಉಳಿದದ್ದು ಜನ ಮಾತ್ರ. ಅದೂ ದಿನದಿನವೂ ಅದೇ ಜನ.

ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡವನು ಅಮೆರಿಕದ ಮಾರ್ಕ್ ಟ್ವೇನ್. 1867ರ ಜೂನ್ ತಿಂಗಳಿನಲ್ಲಿ ‘ಕ್ವೇಕರ್ ಸಿಟಿ’ ಎಂಬ ಉಗಿಹಡಗು ನ್ಯೂಯಾರ್ಕಿನಿಂದ ಹೊರಟಿತು. ಮೆಡಿಟರೇನಿಯನ್ ಕಡಲನ್ನೂ ಯೇಸುವಿನ ನಾಡನ್ನೂ ಈಜಿಪ್ಟನ್ನೂ ನೋಡಿಕೊಂಡು ನವೆಂಬರಿನಲ್ಲಿ ಹಿಂದಿರುಗಿತು. ಸರಕಿಗಾಗಿ ಅಲ್ಲ, ವಲಸೆಗಾಗಿ ಅಲ್ಲ, ಕೇವಲ ವಿಹಾರಕ್ಕಾಗಿ ಅಮೆರಿಕದಿಂದ ಹೊರಟ ದೊಡ್ಡ ಹಡಗುಯಾತ್ರೆಗಳಲ್ಲಿ ಇದು ಮೊದಮೊದಲಿನದು. ತಲೆಗೆ 1250 ಡಾಲರು. ಮೂವತ್ತೊಂದು ವಯಸ್ಸಿನ ಟ್ವೇನನ ಹಣವನ್ನು ತೆತ್ತದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ. ಅದಕ್ಕೆ ಬರೆದ ಪತ್ರಗಳೇ ಬೆಳೆದು 1869ರಲ್ಲಿ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಗ್ರಂಥವಾಯಿತು.

ಈ ಗ್ರಂಥವನ್ನು ಮೆಚ್ಚುವವರು ಸಾಮಾನ್ಯವಾಗಿ ಇಟಲಿಯ ಚಿತ್ರಶಾಲೆಗಳನ್ನೂ ಮಾರ್ಗದರ್ಶಿಗಳನ್ನೂ ಕುರಿತ ಪರಿಹಾಸ್ಯವನ್ನು ಮುಂದಿಡುತ್ತಾರೆ. ನನ್ನ ಮಟ್ಟಿಗೆ ಅದರ ಜೀವ ಇರುವುದು ಮೊದಲಿನ ಹಡಗಿನ ಅಧ್ಯಾಯಗಳಲ್ಲಿ. ದಡದ ಮೇಲೆ ಟ್ವೇನನಿಗೆ ಎದುರಾಳಿಗಳು ಸಿದ್ಧವಾಗಿದ್ದಾರೆ: ಹಳೆಯ ಚಿತ್ರ, ಹಳೆಯ ಗುಡಿ, ಸುಳ್ಳು ಹೇಳುವ ಮಾರ್ಗದರ್ಶಿ. ಅಲ್ಲಿ ಆತನು ಎಷ್ಟೋ ವೇಳೆ ಅಗ್ಗದ ನಗೆಗೆ ಜಾರುತ್ತಾನೆ. ಹಡಗಿನ ಮೇಲಾದರೋ ನಗುವನ್ನು ಬರಿಗೈಯಿಂದ ಹುಟ್ಟಿಸಬೇಕು.

ಏನಾಗುತ್ತದೆ ಅಲ್ಲಿ? ಏನೂ ಆಗುವುದಿಲ್ಲ. ಗಂಟೆ ಬಾರಿಸುತ್ತದೆ, ಉಪಾಹಾರ. ಮತ್ತೆ ಬಾರಿಸುತ್ತದೆ, ಊಟ. ಪ್ರಯಾಣಿಕರು ನಾಲ್ಕೇ ದಿನಗಳಲ್ಲಿ ನಾವಿಕರ ಪರಿಭಾಷೆ ಕಲಿತು ಹೊತ್ತನ್ನು ಗಂಟೆಯ ಬಡಿತದ ಲೆಕ್ಕದಲ್ಲಿ ಹೇಳತೊಡಗುತ್ತಾರೆ. ಹೊರಟ ಹೊಸತರಲ್ಲಿ ಎಲ್ಲರಿಗೂ ಕಡಲಬೇನೆ. ತನಗೆ ಮಾತ್ರ ಇಲ್ಲವೆಂದು ಟ್ವೇನನಿಗೆ ಒಳಗೊಳಗೇ ಹಿಗ್ಗು. ಸಂಜೆ ಪ್ರಾರ್ಥನೆ. ಆಮೇಲೆ ದಿನಚರಿ ಬರೆಯುವವರ ಸಾಲು: ಮೊದಮೊದಲು ಪುಟಗಟ್ಟಲೆ, ಬರಬರುತ್ತ ಸಾಲು, ಕೊನೆಗೆ ಸೊನ್ನೆ. ಲಾಟೀನಿನ ಬೆಳಕಿನಲ್ಲಿ ಕುಣಿತ ನಡೆದಿರುವಾಗ ಹಡಗು ವಾಲಿದರೆ ಕುಣಿಯುವವರೆಲ್ಲ ಒಟ್ಟಾಗಿ ಒಂದು ಕಡೆಯ ಕಟಕಟೆಗೆ ಬಂದು ಬೀಳುತ್ತಾರೆ. ಹೊತ್ತು ಹೋಗದೆ ಒಂದು ಹುಸಿ ನ್ಯಾಯಾಲಯವನ್ನೇ ಹೂಡಿ, ಮೇಲಂಗಿ ಕದ್ದನೆಂದು ಹಡಗಿನ ಲೆಕ್ಕಿಗನನ್ನು ವಿಚಾರಣೆಗೆ ನಿಲ್ಲಿಸುತ್ತಾರೆ. ಮಾಯಾದೀಪದ ಪ್ರದರ್ಶನವೊಂದು ಏರ್ಪಾಡಾಗುತ್ತದೆ. ಪ್ರಯಾಣಿಕರು ಕಟ್ಟಕಡೆಗೆ ಎಲ್ಲಿಗೆ ತಲುಪಲಿದ್ದಾರೆಂಬುದನ್ನು ತೋರಿಸುವುದಾಗಿ ಜಾಹೀರಾತು. ಪರದೆಯ ಮೇಲೆ ಮೊಟ್ಟಮೊದಲು ಮೂಡಿದ ಚಿತ್ರ ಬ್ರೂಕ್ಲಿನ್ನಿನ ಒಂದು ಸ್ಮಶಾನದ್ದು!

ಇವೆಲ್ಲದರಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುವುದು ಗಡಿಯಾರದ ಪ್ರಸಂಗ. ಪಶ್ಚಿಮ ಸೀಮೆಯ ಯುವಕನೊಬ್ಬನು ತನ್ನ ಬೆಲೆಬಾಳುವ ಗಡಿಯಾರ ಕೆಟ್ಟುಹೋಯಿತೆಂದು ಕಂಗಾಲಾಗಿದ್ದಾನೆ. ಹಡಗು ಪೂರ್ವಕ್ಕೆ ಸಾಗಿದಂತೆ ಹಡಗಿನ ಹೊತ್ತು ದಿನದಿನವೂ ಮುಂದಕ್ಕೆ ಹೋಗುತ್ತದೆ. ಗಡಿಯಾರ ಊರಿನ ಹೊತ್ತನ್ನೇ ಹಿಡಿದು ನಿಂತಿದೆ. ಆತ ಅದನ್ನು ಎಷ್ಟು ಬಿರುಸಾಗಿ ಓಡಿಸಿದರೂ ಹಡಗನ್ನು ಮುಟ್ಟಲಾರದು. ಕೆಟ್ಟಿರುವುದು ಗಡಿಯಾರವಲ್ಲ. ಆ ಹಡಗಿನಲ್ಲಿದ್ದವರೆಲ್ಲರ ಸ್ಥಿತಿಯೂ ಅದೇ ತಾನೆ? ಮೈ ಕಡಲಿನ ಮೇಲೆ, ಮನಸ್ಸಿನ ಮುಳ್ಳು ಊರಿನ ಹೊತ್ತಿನಲ್ಲಿ. ಟ್ವೇನನು ಇದನ್ನು ವಿವರಿಸಿ ಹೇಳಹೋಗುವುದಿಲ್ಲ; ನಗಿಸಿ ಮುಂದೆ ನಡೆಯುತ್ತಾನೆ. ಒಳ್ಳೆಯ ವಿನೋದದ ಲಕ್ಷಣವೇ ಅದು.

ಹಿಂದಿರುಗಿದೊಡನೆ ಆತನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಸಹಪ್ರಯಾಣಿಕರನ್ನು ಚೆನ್ನಾಗಿ ಝಾಡಿಸಿದನು. ಬಹುಪಾಲು ವಯಸ್ಸಾದವರು, ಧರ್ಮಭೀರುಗಳು. ವಿಹಾರವೆಂದು ಹೊರಟದ್ದು ಶವಯಾತ್ರೆಯಂತಾಯಿತೆಂಬುದು ಆತನ ದೂರು. ಯುವಕನಾದ ಟ್ವೇನನಿಗೆ ಹಡಗಿನ ನಿತ್ಯಜೀವನವು ಬೇಸರದ ಇನ್ನೊಂದು ಹೆಸರು.

ಮೂವತ್ತು ವರ್ಷಗಳ ಮೇಲೆ, 1897ರಲ್ಲಿ, ಆತನ ‘ಫಾಲೋಯಿಂಗ್ ದಿ ಇಕ್ವೇಟರ್’ ಹೊರಬಂದಿತು. ಈ ಸಲ ಹಡಗು ಹತ್ತಿದವನು ಅರುವತ್ತರ ಮುದುಕ. ವ್ಯಾಪಾರದಲ್ಲಿ ದಿವಾಳಿಯಾಗಿ, ಸಾಲ ತೀರಿಸುವುದಕ್ಕಾಗಿ ಭೂಮಿಯನ್ನು ಸುತ್ತಿ ಉಪನ್ಯಾಸ ಮಾಡಿದವನು. 1896ರಲ್ಲಿ ಭಾರತವನ್ನು ಸುತ್ತಿ, ‘ವಾರ್ಧಾ’ ಎಂಬ ಹಡಗಿನಲ್ಲಿ ಮಾರಿಷಸ್ ದ್ವೀಪದ ಕಡೆಗೆ ಸಾಗುವಾಗಿನ ಪುಟಗಳನ್ನು ಓದಬೇಕು. ಅದೇ ಗಂಟೆ, ಅದೇ ಊಟ, ಅದೇ ಮುಖಗಳು, ಅದೇ ಬಯಲು ನೀರು. ಆದರೆ ಬೇಸರದ ಸುಳಿವಿಲ್ಲ. ಓಲೆಯಿಲ್ಲ, ಪತ್ರಿಕೆಯಿಲ್ಲ, ತಂತಿಯಿಲ್ಲ, ಹೊಣೆಯಿಲ್ಲ. ತನ್ನಿಚ್ಛೆಯಂತೆ ನಡೆಯುವುದಾದರೆ ಇನ್ನು ನೆಲಕ್ಕೆ ಇಳಿಯುವುದೇ ಬೇಡ, ಹೀಗೆಯೇ ಸಾಗುತ್ತಿರುವೆ ಎಂಬ ಧಾಟಿ.

ಈ ಪುಟಗಳನ್ನು ಹಗುರವಾಗಿ ಓದದಂತೆ ಮಾಡುವ ಸಂಗತಿಯೊಂದಿದೆ. ಪ್ರವಾಸ ಮುಗಿದು ಗ್ರಂಥ ಪ್ರಕಟವಾಗುವುದರೊಳಗೆ, 1896ರ ಆಗಸ್ಟಿನಲ್ಲಿ, ಇಂಗ್ಲೆಂಡಿನಲ್ಲಿದ್ದ ಟ್ವೇನನಿಗೆ ತಂತಿ ಬಂದಿತು. ಅಮೆರಿಕದಲ್ಲಿದ್ದ ಹಿರಿಯ ಮಗಳು ಸೂಸಿ ತೀರಿಕೊಂಡಿದ್ದಳು. ಕಾಯಿಲೆಯ ಸುದ್ದಿ ತಿಳಿದು ಆಕೆಯನ್ನು ನೋಡಲು ಹೊರಟಿದ್ದ ತಾಯಿಯೂ ತಂಗಿಯೂ ಆಗ ಹಡಗಿನಲ್ಲಿ, ಸಾಗರದ ನಡುವೆ ಇದ್ದರು. ಅವರಿಗೆ ಏನೊಂದೂ ತಿಳಿಯದು. ಕಡಲಿನ ಮೇಲೆ ತಂತಿ ಮುಟ್ಟುವುದಿಲ್ಲವೆಂದು ಹಿಗ್ಗುವ ಪುಟಗಳ ಹಿಂದೆ ಆ ಇನ್ನೊಂದು ಹಡಗೂ ಸಾಗುತ್ತಿದೆಯೆಂಬುದನ್ನು ತಿಳಿದ ಓದುಗನು ಮರೆಯಲಾರನು. ಹಡಗಿನ ನೆಮ್ಮದಿಯೆಂದರೆ ನೆಲದಲ್ಲಿ ಏನೂ ಆಗಿಲ್ಲವೆಂದಲ್ಲ. ಆದದ್ದು ಇನ್ನೂ ನಮಗೆ ತಿಳಿದಿಲ್ಲವೆಂದು ಮಾತ್ರ. ಎರಡು ಗ್ರಂಥಗಳ ಹಡಗಿನ ಅಧ್ಯಾಯಗಳನ್ನು ಜೊತೆಗಿಟ್ಟು ಓದಿದರೆ ಹೊಳೆಯುವುದು ಇದು: ಬೇಸರವೂ ಶಾಂತಿಯೂ ಕಡಲಿನ ಗುಣಗಳಲ್ಲ. ಹಡಗು ಎಂಬುದು ಖಾಲಿ ಪಾತ್ರೆ. ಏರುವವನು ತಂದದ್ದನ್ನೇ ಅದು ತುಂಬಿಕೊಳ್ಳುತ್ತದೆ.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಟ್ವೇನನ ಹಡಗುಗಳು ತಾವಾಗಿಯೇ ನಡೆಯುತ್ತವೆ. ‘ಕ್ವೇಕರ್ ಸಿಟಿ’ಯ ಬೆಂಕಿಗೂಡಿಗೆ ಕಲ್ಲಿದ್ದಲು ತುಂಬಿದವರು ಅದರ ಪ್ರಯಾಣಿಕರಂತೆ ನಮ್ಮ ಕಣ್ಣಿಗೆ ಕಟ್ಟುವುದಿಲ್ಲ. ಎರಡನೆಯ ಗ್ರಂಥದಲ್ಲಿ, 1895ರ ಡಿಸೆಂಬರಿನಲ್ಲಿ ಸಿಡ್ನಿಯಿಂದ ಸಿಂಹಳಕ್ಕೆ ಹೊರಟ ‘ಓಷಿಯಾನಾ’ ಹಡಗಿನಲ್ಲಿ, ಆತನು ಮೊದಲ ಬಾರಿಗೆ ಲಾಸ್ಕರ್ ನಾವಿಕರನ್ನು ಕಾಣುತ್ತಾನೆ. ಬೊಂಬಾಯಿ ಮತ್ತು ಅದರ ಸುತ್ತಿನ ಕರಾವಳಿಯಿಂದ ಬಂದ ಜನ. ನಮ್ಮ ನೆರೆಹೊರೆಯವರೆಂದೇ ಹೇಳಬೇಕು. ಬಿಳಿಯ ಉಡುಪು, ಬರಿಗಾಲು, ಸೊಂಟಕ್ಕೆ ಸುತ್ತಿದ ಕೆಂಪು ವಸ್ತ್ರ, ಎಲ್ಲವೂ ಸೊಗಸಾಗಿ ಮೂಡಿವೆ. ಸೌಮ್ಯರು, ವಿಧೇಯರು, ಸಮರ್ಥರು ಎಂಬ ಹೊಗಳಿಕೆಯೂ ಉಂಟು. ಜೊತೆಗೇ, ಅಪಾಯ ಬಂದರೆ ಇವರು ದಿಕ್ಕುಗೆಡುತ್ತಾರಂತೆ ಎಂಬ ಮಾತನ್ನೂ ಸೇರಿಸಿಬಿಡುತ್ತಾನೆ. ‘ಅಂತೆ’ ಎಂದವರು ಯಾರು? ಯಾವ ಹಡಗಿನಲ್ಲಿ, ಯಾವ ಅಪಾಯದಲ್ಲಿ ಕಂಡದ್ದು? ಮಾರ್ಗದರ್ಶಿಯ ಪ್ರತಿಯೊಂದು ಮಾತನ್ನೂ ಸಂಶಯದಿಂದ ಕೇಳಿದ ಲೇಖಕನು ಇಲ್ಲಿ ಪ್ರಶ್ನಿಸುವುದನ್ನು ಮರೆತನು. ಬಣ್ಣ ಕಂಡಿತು, ಬೆವರು ಕಾಣಲಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಟ್ಟವನು ಇನ್ನೊಬ್ಬ ಅಮೆರಿಕನ್ ಲೇಖಕ, ಡೇವಿಡ್ ಫಾಸ್ಟರ್ ವಾಲೇಸ್. ಕೆರಿಬಿಯನ್ ಕಡಲಿನಲ್ಲಿ ಏಳು ರಾತ್ರಿಗಳ ವಿಹಾರ ಮಾಡಿ ಆತನು ಬರೆದ ದೀರ್ಘ ಪ್ರಬಂಧ 1996ರಲ್ಲಿ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೋಣೆಯಿಂದ ಹೊರಗಿದ್ದರೆ ಸಾಕು, ಬರುವುದರೊಳಗೆ ಅದು ಒಪ್ಪವಾಗಿರುತ್ತದೆ. ಬೇಗ ಬಂದರೆ ಯಾರೂ ಮುಟ್ಟಿರುವುದಿಲ್ಲ. ತಾನು ಹೋದದ್ದೂ ಬರುವುದೂ ಅವರಿಗೆ ಹೇಗೆ ತಿಳಿಯುತ್ತದೆಂದು ಹೊಂಚು ಹಾಕಿದರೂ ಗುಟ್ಟು ಸಿಕ್ಕುವುದಿಲ್ಲ. ನಗುತ್ತಲೇ ಓದುವ ನಮಗೆ ಕ್ರಮೇಣ ಒಂದು ಅಳುಕು ಹುಟ್ಟುತ್ತದೆ: ಕಣ್ಣಿಗೆ ಬೀಳದಿರುವುದೇ ಇಲ್ಲಿ ಒಬ್ಬ ಮನುಷ್ಯನ ಕೆಲಸ. ಟ್ವೇನನ ಲವಲವಿಕೆ ವಾಲೇಸನಲ್ಲಿಲ್ಲ. ಆತನ ವಾಕ್ಯಗಳು ದಣಿಸುತ್ತವೆ. ಆದರೆ ಟ್ವೇನನು ತೆರೆಯದ ಬಾಗಿಲನ್ನು ಆತನು ತಟ್ಟಿದ್ದಾನೆ.

ಈಗ ಹಡಗುಗಳು ಬೆಳೆದಿವೆ. 2023ರ ಡಿಸೆಂಬರಿನಲ್ಲಿ ಮಯಾಮಿಯಿಂದ ಒಂದು ಹಡಗು 274 ರಾತ್ರಿಗಳ ಭೂಪ್ರದಕ್ಷಿಣೆಗೆ ಹೊರಟಿತು. ಅದರ ಪ್ರಯಾಣಿಕರು ತಮ್ಮ ಊಟ, ಕೋಣೆ, ನೆರೆಯವರ ಜಗಳ ಇವನ್ನು ಅಂದಂದೇ ಚಲಚ್ಚಿತ್ರ ತೆಗೆದು ಲೋಕಕ್ಕೆಲ್ಲ ಕಳುಹಿಸಿದರು. ಲಕ್ಷಗಟ್ಟಲೆ ಜನ ಕೈಯಲ್ಲಿನ ಫೋನಿನಲ್ಲಿ ನೋಡಿದರು. ‘ಕ್ವೇಕರ್ ಸಿಟಿ’ಯ ದಿನಚರಿಕಾರರ ಮೊಮ್ಮಕ್ಕಳು ಇವರು. ಒಂದು ವ್ಯತ್ಯಾಸವುಂಟು: ಈ ಹಡಗಿಗೆ ಓಲೆಯೂ ಸುದ್ದಿಯೂ ತಂತಿಗಿಂತ ಮೊದಲೇ ಬಂದು ಮುಟ್ಟುತ್ತವೆ. ವೃದ್ಧ ಟ್ವೇನನು ಬಯಸಿದ ಮೌನ ಈಗ ಯಾವ ಕಡಲಿನಲ್ಲಿಯೂ ಸುಲಭವಾಗಿ ದೊರೆಯದು.

ಅದು ದೊರೆಯುತ್ತಿದ್ದ ಕಾಲದಲ್ಲಿ ಹೇಗಿತ್ತು, ಅದರ ಬೆಲೆಯೇನು ಎಂದು ತಿಳಿಯಬಯಸುವವರು ‘ಇನ್ನೊಸೆಂಟ್ಸ್’ ಗ್ರಂಥದ ಆರಂಭದ ಅಧ್ಯಾಯಗಳನ್ನು ಓದಿ, ಒಡನೆಯೇ ‘ಇಕ್ವೇಟರ್’ ಗ್ರಂಥದ ಮಾರಿಷಸ್ ಪಯಣವನ್ನು ಓದಬೇಕು. ನಡುವಿನ ಚಿತ್ರಶಾಲೆಗಳನ್ನು ಬಿಟ್ಟರೂ ನಷ್ಟವಿಲ್ಲ. ಓದುವಾಗ ಒಂದು ಪ್ರಶ್ನೆ ಮಾತ್ರ ಮನಸ್ಸಿನಲ್ಲಿರಲಿ: ಈ ಹೊತ್ತಿನಲ್ಲಿ ಕೆಳಗೆ, ಬೆಂಕಿಗೂಡಿನ ಮುಂದೆ, ನಿಂತಿರುವವರು ಯಾರು?